ಬೆಳ್ಳಿ ಕವಚದೊಳಗಿನ ದನಿ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡುತ್ತಾರಂತೆ ಮಹಾರಾಜರು! ತಪ್ಪಿದವನ ತಲೆ ಹೋಗುತ್ತದಂತೆ!"

ಹಂಸಾವತಿಯ ಬೀದಿಬೀದಿಯಲ್ಲೂ ಡಂಗುರ ಹೊಡೆಸಿದವನು ಜಯಭೂಪ ಮಹಾರಾಜ. ತಲೆ ತೆಗೆಯುವ ಮಾತು ಬೇಡವೇ ಬೇಡ ಎಂದು ಪದ್ಮಲೆ ಗೋಗರೆದಿದ್ದಳು. "ಹೆದರಿಕೆ ಇಲ್ಲದಿದ್ದರೆ ಕಂಡಕಂಡವರೆಲ್ಲ ಬಂದು ನಿನ್ನ ಪೆಟ್ಟಿಗೆ ಕೆಡಿಸಿ ಹೋಗ್ತಾರೆ ಮಗಳೇ" ಎಂದು ಅವನು ಜಗ್ಗಲಿಲ್ಲ. ಒಳ್ಳೆಯವನೇ, ಆದರೆ ಮಗಳ ವಿಷಯ ಬಂದರೆ ಈ ಮಹಾರಾಯನಿಗೆ ಹಿಂದುಮುಂದು ತಿಳಿಯುತ್ತಿರಲಿಲ್ಲ.

ಆ ಪೆಟ್ಟಿಗೆ ಎಂದರೆ ಹಾಡು ತುಂಬಿಡಬಹುದಾದ, ಅಂಗೈಯಗಲದ ಒಂದು ಆಂಪ್ಲಿಫೈಯರ್. ಪದ್ಮಲೆಯ ತಾಯಿ ತೀರಿಕೊಳ್ಳುವ ಮೊದಲು, ವೀಣೆ ನುಡಿಸುತ್ತ ಹಾಡಿದ ಜೋಗುಳವೊಂದನ್ನು ಅದರಲ್ಲಿ ತುಂಬಿಟ್ಟಿದ್ದಳು. ಹೆಡ್‌ಫೋನ್ ಹಾಕಿಕೊಂಡರೆ ಅಮ್ಮ ಪಕ್ಕದಲ್ಲೇ ಕೂತಂತೆ. ರಾಣಿಯ ನೆನಪಿಗೆಂದು ರಾಜ ಆ ಪೆಟ್ಟಿಗೆಗೆ ಗುಡಿಯ ದೇವರಿಗೆ ಮಾಡಿಸುವಂತೆ ದಪ್ಪನೆಯ ಬೆಳ್ಳಿ ಕವಚ ಮಾಡಿಸಿದ. ಆಮೇಲೊಂದು ದಿನ ಅಳಿಲು ಹೆಡ್‌ಫೋನಿನ ಹಳೆಯ ತಂತಿಯನ್ನು ಕಡಿದುಹಾಕಿತು. ರಾಜ ಸುಮ್ಮನಿರುತ್ತಾನೆಯೇ? ದೂರದೇಶದಿಂದ ರೇಷ್ಮೆ ಸುತ್ತಿದ ತಂತಿ ತರಿಸಿದ, ತುದಿಗೆ ದಪ್ಪ ಕತ್ತಿನ ಚಿನ್ನದ ಪಿನ್ನು. ಅದನ್ನು ಸಿಕ್ಕಿಸಿದಂದಿನಿಂದ ವೀಣೆ ಕೇಳುತ್ತಿತ್ತು, ತಾಯಿಯ ದನಿ ಮಾತ್ರ ಇಲ್ಲ. ಪದ್ಮಲೆ ಅನ್ನ ಬಿಟ್ಟು ಕೂತಳು. ಅವಳ ಮೊದಲ ಎರಡು ಒಗಟು ಬಂದವರನ್ನು ಜರಡಿ ಹಿಡಿಯಲಿಕ್ಕೆ. ಮೂರನೆಯದರ ಉತ್ತರ ಅವಳಿಗೇ ಗೊತ್ತಿರಲಿಲ್ಲ.

ಮೊದಲು ಬಂದ ರಾಜಕುಮಾರ ಮೊದಲ ಒಗಟಿಗೇ "ಹಾವು" ಎಂದ. ಅವನ ಹಿಂದಿನವನು "ಹೆಗ್ಗಣ" ಎಂದ. ಮತ್ತೊಬ್ಬ ಜಾಣ ಎರಡನ್ನು ಬಿಡಿಸಿ, ಮೂರನೆಯದಕ್ಕೆ ಇನ್ನೂ ದಪ್ಪನೆಯ ವಜ್ರ ಕೂರಿಸಿದ ಪಿನ್ನು ತೆಗೆದ. ಅದನ್ನು ಸಿಕ್ಕಿಸಿದರೆ ವೀಣೆಯೂ ನಿಂತುಹೋಯಿತು, ಮತ್ತೆ ಚಿನ್ನದ ಪಿನ್ನನ್ನೇ ಹಾಕಬೇಕಾಯಿತು. ಮೂವರನ್ನೂ ಸೆರೆಗೆ ಹಾಕಿದರು. ತಲೆ ತೆಗೆಯಲು ಒಳ್ಳೆಯ ಮುಹೂರ್ತ ಸಿಗುತ್ತಿಲ್ಲವೆಂದು ಜೋಯಿಸರು ದಿನ ದೂಡಿ ದೂಡಿ, ಇನ್ನು ದೂಡಲಾಗದೆ ಬರುವ ಹುಣ್ಣಿಮೆ ಎಂದುಬಿಟ್ಟರು. ಆಡಿದ ಮಾತು ನುಂಗಲಾರದೆ ರಾಜ ಹೂಂಗುಟ್ಟಿದ. ತನ್ನ ಒಂದು ಆಸೆಗೆ ಮೂರು ಜೀವ ಹೋಗುತ್ತದಲ್ಲ ಎಂದು ಪದ್ಮಲೆಗೆ ನಿದ್ದೆ ಹತ್ತಲಿಲ್ಲ.

ಆಗ ಬಂದವನು ಈರಭದ್ರ. ಅರಮನೆಯ ಹೆಣ್ಣುಮಕ್ಕಳಿಗೆ ಬಳೆ ತೊಡಿಸಲು ಬಂದಿದ್ದ ಬಳೆಗಾರ, ಹೆಗಲ ಮೇಲಿನ ಬಳೆಗಳ ಮಲಾರ ಕೆಳಗಿಳಿಸಿ ತಾನೂ ಉತ್ತರ ಹೇಳುತ್ತೇನೆಂದು ನಿಂತ.

"ಹೋಗಪ್ಪ, ಮನೇಲಿ ನಿನ್ನ ತಾಯಿ ಕಾಯ್ತಿರಬಹುದು" ಎಂದಳು ಪದ್ಮಲೆ.

"ಕಾಯ್ತಾಳೆ ಅಮ್ಮಾವ್ರೆ. ನಿಮ್ಮ ಮುಖ ನೋಡಿದ ಮೇಲೆ ಹೋಗೋಕೆ ಕಾಲೇ ಬರ್ತಿಲ್ಲ."

ಆ ಮಾತು ಅವಳಿಗೆ ಹಿತವಾಯಿತು. ಹಿತವಾದದ್ದಕ್ಕೇ ಇನ್ನಷ್ಟು ಭಯವಾಯಿತು. ಆದರೂ ಕೇಳಿದಳು: "ತಲೆ ತೂತಿನೊಳಗಿಟ್ಟು ಬಾಲ ಹೊರಗೆ ಬಿಟ್ಟು ಕೂರ್ತಾನೆ. ಅವನು ಒಳಗೆ ಹೋದರೆ ಊರಿಗೆಲ್ಲ ಮೌನ, ನನಗೊಬ್ಬಳಿಗೆ ಹಾಡು. ಯಾರವನು?"

"ಹೆಡ್‌ಫೋನಿನ ಪಿನ್ನು. ನಿಮ್ಮ ಕೈಲೇ ಇದೆಯಲ್ಲ!"

"ಒಂದು ಮನೆಗೆ ಎರಡು ಬಾಗಿಲು. ದಪ್ಪ ನೆಂಟ ಸಣ್ಣ ಬಾಗಿಲಲ್ಲಿ ತೂರಲಾರ. ಸಣ್ಣ ನೆಂಟ ದೊಡ್ಡ ಬಾಗಿಲಲ್ಲಿ ಹೋದರೂ ಒಳಗೆ ಮಾತಾಡಿಸೋರಿಲ್ಲ. ಯಾಕೆ?"

ಈರಭದ್ರ ಪೆಟ್ಟಿಗೆಯ ಎರಡು ತೂತುಗಳನ್ನು ನೋಡಿದ. ಒಂದು ಕಿರಿದು, ಒಂದು ಹಿರಿದು. "ಬಳೆ ಬಿಗಿಯಾದರೆ ಕೈಗೇರಲ್ಲ, ಸಡಿಲಾದರೆ ನಿಲ್ಲಲ್ಲ. ಸಣ್ಣ ಪಿನ್ನು ದೊಡ್ಡ ತೂತಿಗೆ ಹೋದರೂ ಒಳಗೆ ಎಲ್ಲೂ ತಾಗಲ್ಲ ಅಮ್ಮಾವ್ರೆ. ತಾಗದಿದ್ದರೆ ಹಾಡೆಲ್ಲಿಂದ ಬರಬೇಕು?"

ಮೂರನೆಯದನ್ನು ಕೇಳುವಾಗ ಪದ್ಮಲೆ ಪೆಟ್ಟಿಗೆಯನ್ನು ಅವನ ಮುಂದೆ ಇಟ್ಟಳು. "ಅಮ್ಮ ವೀಣೆ ನುಡಿಸ್ತಾ ಹಾಡಿದ್ದಳು. ವೀಣೆ ಇದೆ. ಅಮ್ಮ ಎಲ್ಲಿ ಹೋದಳು?"

ಅವನು ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು, ಪಿನ್ನಿನ ಕತ್ತಿನ ಸುತ್ತ ಉಗುರು ಆಡಿಸಿ ನೋಡಿದ. "ಎಲ್ಲೂ ಹೋಗಿಲ್ಲ. ಪಿನ್ನು ಪೂರ್ತಿ ಒಳಗೆ ಕೂತಿಲ್ಲ. ಇದರ ದಪ್ಪ ಕತ್ತು ಕವಚಕ್ಕೆ ಅಡ್ಡ ನಿಂತಿದೆ. ಕವಚ ಬಿಚ್ಚಿ."

ಸಭೆಯೇ ಬೆಚ್ಚಿಬಿತ್ತು. "ರಾಣಿಗೆಂದು ತೊಡಿಸಿದ ಕವಚ! ಅದನ್ನು ಬಿಚ್ಚೋದಾ?" ಎಂದು ರಾಜ ಎದ್ದೇಬಿಟ್ಟ.

"ಅಭಿಷೇಕಕ್ಕೆ ದೇವರ ಕವಚವನ್ನೂ ತೆಗೀತಾರಲ್ಲ ಬುದ್ಧಿ" ಎಂದ ಈರಭದ್ರ. 

ಪದ್ಮಲೆ ತಂದೆಯ ಅಪ್ಪಣೆಗೆ ಕಾಯಲಿಲ್ಲ. ತಾನೇ ತಿರುಪು ಬಿಚ್ಚಿ ಕವಚ ಕಳಚಿದಳು. ಪಿನ್ನು ಒತ್ತಿದಳು. ಟಕ್ಕೆಂದು ಕೂತಿತು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಎರಡೂ ಅಂಗೈಯಿಂದ ಕಿವಿ ಒತ್ತಿಕೊಂಡಳು. ತಲೆ ಕಡಿಯುವವನು ಈರಭದ್ರನ ಕಡೆ ಒಂದು ಹೆಜ್ಜೆ ಇಟ್ಟ.

"ಅಮ್ಮ!" ಎಂದು ಪದ್ಮಲೆ ಬಿಕ್ಕಿದಳು. "ಅಪ್ಪಾಜಿ, ಅಮ್ಮ ಇದ್ದಾಳೆ!"

ಅರಮನೆಯ ವಾದ್ಯಗಳನ್ನು ನೋಡಿಕೊಳ್ಳುವ ಮುದುಕ ತಿಪ್ಪೋಜ ಪೆಟ್ಟಿಗೆ ನೋಡಿ ಹಣೆ ಚಚ್ಚಿಕೊಂಡ. "ಪಿನ್ನಿನ ಬುಡದ ಪಟ್ಟಿ ಎರಡು ಕಿವಿಗೂ ಸೇರಿದ್ದು. ಅದು ತಾಗದಿದ್ದರೆ ಎರಡೂ ಕಿವಿಗೆ ಒಂದೇ ಸಮ ಬರೋ ದನಿ ಒಂದನ್ನೊಂದು ಅಳಿಸಿಬಿಡುತ್ತೆ. ರಾಣಿಯಮ್ಮನ ದನಿ ನಟ್ಟನಡುವೆ ಇತ್ತು, ಅಳಿಸಿಹೋಯ್ತು. ವೀಣೆ ಒಂದು ಪಕ್ಕಕ್ಕಿತ್ತು, ಉಳೀತು. ಹಳೇ ಪಿನ್ನಿನ ಕತ್ತು ಸಣ್ಣದು, ಕವಚದ ಕಂಡೀಲಿ ತೂರ್ತಿತ್ತು. ಕವಚ ತೆಗೆಯೋದು ನನಗೂ ಹೊಳೀಲಿಲ್ಲವಲ್ಲ!"

ಪದ್ಮಲೆ ಹೆಡ್‌ಫೋನನ್ನು ತಂದೆಯ ತಲೆಗೆ ಹಾಕಿದಳು. ಹೆಂಡತಿ ಹೋದ ಮೇಲೆ ಅವಳ ದನಿ ಕೇಳುವ ಧೈರ್ಯ ಅವನಿಗೆ ಒಮ್ಮೆಯೂ ಬಂದಿರಲಿಲ್ಲ. ಜೋಗುಳದ ಕೊನೆಗೆ ರಾಣಿ ಮೆಲ್ಲಗೆ, "ಮಗು ಮಲಗಿತು. ನೀವೂ ಮಲಗಿ, ಸಾಕು ದಣಿದದ್ದು" ಎಂದಿದ್ದಳು. ರಾಜ ಸಿಂಹಾಸನದಲ್ಲಿ ಮುದುಡಿ ಕೂತು ಮಗುವಿನಂತೆ ಅತ್ತ.

ಏನು ಬೇಕೆಂದು ಮಂತ್ರಿ ಕೇಳಿದಾಗ ಈರಭದ್ರ, "ಮೊದಲು ಆ ಮೂವರನ್ನು ಬಿಡಿ. ಮದುವೆ ಮಾತು ಅಮ್ಮಾವ್ರ ಮನಸ್ಸಿಗೆ ಬಂದರೆ ಮಾತ್ರ" ಎಂದ. ಪದ್ಮಲೆ ಕಣ್ಣೊರೆಸಿಕೊಂಡು, "ಬಂದಿದೆ. ಇನ್ನು ಅಮ್ಮಾವ್ರೆ ಅನ್ನಬೇಡ" ಎಂದಳು. ಸಭೆ ಹೋ ಎಂದಿತು, ಕಹಳೆ ಮೊಳಗಿತು. ಅರ್ಧ ರಾಜ್ಯದ ವಿಷಯ ಏನಾಗಬೇಕೆಂದು ಮಂತ್ರಿ ರಾಜನ ಭುಜ ಮುಟ್ಟಿದ.

ಹೆಡ್‌ಫೋನ್ ಹಾಕಿಕೊಂಡವರೆಲ್ಲ ಮಾಡುವಂತೆ, ರಾಜ ಕೋಟೆಯಾಚೆಗೂ ಕೇಳುವ ಹಾಗೆ ಕೂಗಿದ: "ಕೊಟ್ಟುಬಿಡ್ರಯ್ಯ, ಎಷ್ಟು ಬೇಕೋ ಕೊಡಿ! ಗಲಾಟೆ ಮಾಡಬೇಡಿ, ಅವಳು ಮತ್ತೆ ಹಾಡ್ತಿದ್ದಾಳೆ!"