ವಾಲಿದ ಹರಳಿನೊಳಗೆ ಬೆಣಚು ಬಂದದ್ದು

ಭೂಮಿ ಇನ್ನೂ ಬೆಚ್ಚಗಿದ್ದ ಕಾಲ. ಬೆಟ್ಟಗಳಿಗೆ ಆಗಿನ್ನೂ ಹೆಸರಿರಲಿಲ್ಲ.

ಒಂದು ಕರಿಬಂಡೆಯ ಹೊಟ್ಟೆಯಲ್ಲಿ ಪುಟ್ಟ ಪೊಟರೆಯಿತ್ತು. ಅಲ್ಲಿ ಸುಣ್ಣದ ಹರಳಜ್ಜಿ ನಿಂತಿದ್ದಳು. ಅವಳ ಕುಲದವರೆಲ್ಲ ಒಂದು ಕಡೆಗೆ ವಾಲಿದ ಪೆಟ್ಟಿಗೆಯ ಹಾಗೆ. ತಲೆಯ ಮೇಲೆ ಪೊಟರೆಯ ಸೂರು. ಕಾಲ ಬಳಿ ಆಗತಾನೆ ಮೊಳೆತ ಎಳೆಯ ಹರಳುಗಳು, ಸಾಸಿವೆಯಷ್ಟು ಸಣ್ಣವು. ಅಜ್ಜಿ ಹೊತ್ತು ನಿಂತಿದ್ದರಿಂದ ಸೂರು ಅವುಗಳ ಮೇಲೆ ಬಿದ್ದಿರಲಿಲ್ಲ.

ಒಂದು ದಿನ ಬಿರುಕಿನಿಂದ ನೀರು ಇಳಿದು ಬಂತು. ಹುಳಿ ನೀರು. ಅದು ಮುಟ್ಟಿದಲ್ಲೆಲ್ಲ ಅಜ್ಜಿ ಕರಗಿದಳು. ನೀರಿಗೆ ನಾಚಿಕೆಯಾಯಿತು. ತಾನು ಬೇಕೆಂದು ಮಾಡುತ್ತಿಲ್ಲ, ಹುಳಿ ತನ್ನ ಹುಟ್ಟುಗುಣ, ತನಗೆ ನಿಲ್ಲಲೂ ಬಾರದು ಎಂದಿತು.

ಅಜ್ಜಿ ಬೈಯಲಿಲ್ಲ. ಬರುವಾಗ ಏನು ಹೊತ್ತು ತಂದೆ ಎಂದು ಕೇಳಿದಳು. ಬೆಣಚುಕಲ್ಲಿನ ಕಣಗಳು ಎಂದಿತು ನೀರು.

“ಹಾಗಾದರೆ ಒಂದು ಕೆಲಸ ಮಾಡು ತಾಯಿ. ನನ್ನದೊಂದು ಕಣ ತೆಗೆದರೆ ಅದೇ ಜಾಗದಲ್ಲಿ ನಿನ್ನದೊಂದು ಕಣ ಇಡು. ಇಟ್ಟ ಮೇಲೆಯೇ ಇನ್ನೊಂದಕ್ಕೆ ಕೈ ಹಾಕು.”

ನೀರು ಒಪ್ಪಿತು. ಬೆಣಚು ಒಪ್ಪಲಿಲ್ಲ. ಅದರದು ಆರು ಮುಖದ ಮನೆತನ. ಇಟ್ಟ ಜಾಗ ಬಿಟ್ಟು ಕಣಗಳೆಲ್ಲ ಒಂದು ಮೂಲೆಗೆ ಹೋದವು. ಅಲ್ಲಿ ಒತ್ತಾಗಿ ಕೂತು ಆರು ಮುಖದ ಚೂಪು ಗೋಪುರ ಎಬ್ಬಿಸತೊಡಗಿದವು. ಅಜ್ಜಿಯ ಮೈ ಟೊಳ್ಳಾಯಿತು. ಸೂರು ಲಟಕ್ಕೆಂದಿತು. ಧೂಳು ಉದುರಿತು. ಎಳೆಯವು ಒಂದನ್ನೊಂದು ಒತ್ತಿಕೊಂಡವು.

ತುಸು ವಾಲಿ ಕೂರಿರಪ್ಪ ಎಂದು ಅಜ್ಜಿ ಕೇಳಿಕೊಂಡಳು.

“ವಾಲಿ ಕೂತರೆ ನಮ್ಮವರು ನಕ್ಕಾರು, ಅಜ್ಜಿ” ಎಂದಿತು ಒಂದು ಕಣ.

“ಹೊರಗಿನ ಅಂಚು ಮಾತ್ರ ನನ್ನದಿರಲಿ. ಒಳಗೆ ನಿಮ್ಮ ಪದ್ಧತಿಯಂತೆಯೇ ಕೂತುಕೊಳ್ಳಿ. ಅಲ್ಲಿಗೆ ಯಾರು ಬಂದು ನೋಡುತ್ತಾರೆ?”

ಕಣಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡವು. ಮನೆತನಕ್ಕೆ ಇದರಿಂದ ಕುಂದೇನೂ ಇಲ್ಲವೆನಿಸಿತು. ಮೂಲೆಯಿಂದ ಎದ್ದು ಬಂದು ಅಜ್ಜಿಯ ಅಂಚು ಹಿಡಿದು ಕೂತವು.

ಒಂದು ಕಣ ಹೋಯಿತು, ಒಂದು ಕಣ ಬಂತು. ಇನ್ನೊಂದು ಹೋಯಿತು, ಇನ್ನೊಂದು ಬಂತು. ಹೀಗೆ ಎಷ್ಟು ಸಾವಿರ ವರ್ಷವೋ, ಎಣಿಸುವವರು ಆಗ ಯಾರೂ ಇರಲಿಲ್ಲ. ಕೊನೆಯ ಕಣದ ಮುಂದೆ ಮಾತ್ರ ನೀರು ಹಿಂಜರಿಯಿತು.

“ನಡಿ ತಾಯಿ, ಹೋಗೋಣ” ಎಂದಳು ಅಜ್ಜಿ.

ಸೂರು ಅಲುಗಲಿಲ್ಲ. ಎಳೆಯವಕ್ಕೆ ಅಜ್ಜಿ ಹೋದದ್ದೇ ತಿಳಿಯಲಿಲ್ಲ.

ಅದಕ್ಕೇ ಮಗು, ವಾಲಿದ ಪೆಟ್ಟಿಗೆಯಂಥ ಹರಳು ಸಿಕ್ಕಾಗ ಕಬ್ಬಿಣದ ಮೊಳೆಯಿಂದ ಗೀಚಿ ನೋಡು: ಸುಣ್ಣದ್ದಾದರೆ ಗೀರು ಬೀಳುತ್ತದೆ, ಆದರೆ ಕೆಲವೊಮ್ಮೆ ಎಷ್ಟು ಗೀಚಿದರೂ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಕೂತಿರುವುದು ಬೆಣಚು, ಆಕಾರ ಮಾತ್ರ ಅಜ್ಜಿಯದು.