ಬಾಗಿಲು ತಿರುಗಿಸಿದ ಗೀಜಗ

ದೂರದ ಆಫ್ರಿಕಾದ ಮೂಡಣ ಸೀಮೆಯಲ್ಲಿ ಕಿಸಾಂಬೆ ಎಂಬ ಪುಟ್ಟ ಹಳ್ಳಿ ಇತ್ತು, ಮಕ್ಕಳೇ. ಊರಿನ ಮೇಲ್ಗಡೆ ಜಲಪಾತ. ಕೆಳಗಡೆ ರಾಜಹಂಸಗಳ ಕೆರೆ. ಅವನ್ನು ನೋಡಲು ಕಾಡಿನ ಪ್ರಾಣಿಗಳೆಲ್ಲ ಬರುತ್ತಿದ್ದವು. ದಾರಿಬದಿಯ ಜಾಲಿ ಮರದಲ್ಲಿ ಒಂದು ಗೀಜಗ ಹೆಂಡತಿಯೊಡನೆ ಗೂಡು ಕಟ್ಟಿತ್ತು.

"ನೀರು ಬೀಳುವುದನ್ನು ನೋಡಲು ಇಷ್ಟು ಜನ," ಎಂದು ಗೀಜಗ ಮೂತಿ ತಿರುವಿತು. "ನೀರು ಬೀಳದೆ ಮೇಲಕ್ಕೆ ಹೋಗುತ್ತದೆಯೇ? ನನ್ನ ಹೆಣಿಗೆ ನೋಡುವವರಿಲ್ಲ."

ದಾರಿಯಲ್ಲಿ ಹೋಗುತ್ತಿದ್ದ ಕೋತಿ ಕತ್ತೆತ್ತಿತು. "ಒಳಗೇನಿದೆ ಅಂತ ಕಾಣುವುದೇ ಇಲ್ಲವಲ್ಲ ಮಾರಾಯ. ಬಾಗಿಲು ನೆಲ ನೋಡುತ್ತಿದೆ."

ಗೀಜಗಕ್ಕೆ ಅಷ್ಟೇ ಸಾಕಾಯಿತು. ಕೆಳಕ್ಕೆ ಇಳಿಬಿಟ್ಟಿದ್ದ ಉದ್ದನೆಯ ಕೊಳವೆಬಾಗಿಲನ್ನು ಕಿತ್ತುಹಾಕಿತು. ದಾರಿಯ ಕಡೆಗೆ ಅಗಲವಾಗಿ ಹೊಸ ಬಾಗಿಲು ಬಿಟ್ಟಿತು.

"ಮೊಟ್ಟೆ ಇಟ್ಟಿದ್ದೇನೆ ಕಣ್ರೀ," ಎಂದಿತು ಹೆಂಡತಿ. "ಆ ಕೊಳವೆ ಚೆಂದಕ್ಕಲ್ಲ. ಹಾವು ಬರಬಾರದು ಅಂತ ಹಿರಿಯರು ಮಾಡಿದ್ದು."

"ನೀನು ನೆಟ್ಟಗೆ ಕೂತುಕೋ. ನೋಡುವವರಿಗೆ ಚೆನ್ನಾಗಿ ಕಾಣಬೇಕು."

ಪಕ್ಕದ ಮರದಲ್ಲಿ ಮಂಗಟ್ಟೆ ಹಕ್ಕಿ ಇತ್ತು. ಅದು ಹೆಂಡತಿಯನ್ನು ಪೊಟರೆಯೊಳಗೆ ಕೂರಿಸಿ, ಪೊಟರೆಯ ಬಾಯಿಗೆ ಮಣ್ಣು ಮೆತ್ತಿ, ಸಣ್ಣ ಸಂದಿಯಲ್ಲಿ ಹಣ್ಣು ಕೊಡುತ್ತಿತ್ತು.

"ಏನು ಗೀಜಗಣ್ಣ, ಮನೆ ಕಟ್ಟಿದೆಯೋ, ಅಂಗಡಿ ಇಟ್ಟೆಯೋ?"

"ನಿನ್ನ ಮಣ್ಣು ಗೋಡೆ ನೋಡಲು ಯಾರು ಬರುತ್ತಾರೆ?"

"ಯಾರೂ ಬರದಿರಲಿ ಅಂತಲೇ ಮೆತ್ತಿದ್ದು."

ಮರುದಿನ ಜಾಲಿ ಮರದ ಕೆಳಗೆ ಜಾತ್ರೆ. ಕೋತಿಗಳು, ಗಿನಿಕೋಳಿಗಳು, ಕಾಡುಹಂದಿಗಳು. "ಮೊಟ್ಟೆ ಎಷ್ಟು ನುಣುಪು ನೋಡೇ," ಎಂದಿತು ಒಂದು ಗಿನಿಕೋಳಿ. ಹೆಂಡತಿ ರೆಕ್ಕೆಯಲ್ಲಿ ಮುಖ ಮುಚ್ಚಿಕೊಂಡಿತು. ಗೀಜಗ ಮುಂದಿನ ಕೊಂಬೆಗೆ ಹಾರಿ, ಗೂಡಿಗೆ ಬೆನ್ನು ಮಾಡಿ, ಎದೆಯುಬ್ಬಿಸಿ ನಿಂತಿತು.

"ನಾನೂ ಒಳಗೆ ನೋಡಲೇ ಅಣ್ಣ?" ಹಿಂದಿನಿಂದ ಯಾರೋ ಮೆತ್ತಗೆ ಕೇಳಿದರು.

"ನೋಡು, ನೋಡು. ನಿಧಾನವಾಗಿ ನೋಡು," ಎಂದಿತು ಗೀಜಗ. ತಿರುಗಿ ನೋಡಲಿಲ್ಲ. ಹೊಗಳಿಕೆ ಮುಂದುಗಡೆ ಇತ್ತಲ್ಲ.

ಹೆಂಡತಿ ಒಂದೇ ಸಲ ಕೂಗಿತು. ಗೀಜಗ ತಿರುಗುವ ಹೊತ್ತಿಗೆ ಹಸಿರು ಹಾವೊಂದು, ಹೊಟ್ಟೆ ದಪ್ಪ ಮಾಡಿಕೊಂಡು, ಕೊಂಬೆ ಇಳಿಯುತ್ತಿತ್ತು. ಗೂಡಿನಲ್ಲಿ ಮೊಟ್ಟೆಯೂ ಇಲ್ಲ. ಹೆಂಡತಿಯೂ ಇಲ್ಲ.

ಬೆಳಗ್ಗೆ ಕೋತಿ ಮತ್ತೆ ಬಂತು. ಇಣುಕಿತು. "ಥೂ, ಖಾಲಿ ಗೂಡು. ಇದನ್ನೇನು ನೋಡುವುದು," ಎಂದು ಜಲಪಾತದ ಕಡೆ ನಡೆಯಿತು.

ಗೀಜಗ ಒಂದು ಹುಲ್ಲೆಳೆ ತಂದಿತು. ಇನ್ನೊಂದು ತಂದಿತು. ಬಾಗಿಲನ್ನು ಮತ್ತೆ ನೆಲದ ಕಡೆಗೆ ಹೆಣೆಯತೊಡಗಿತು. ಮಂಗಟ್ಟೆ ಸಂದಿಯಲ್ಲಿ ಹಣ್ಣು ಕೊಡುತ್ತ ಅದನ್ನು ನೋಡಿತು.

ನೀತಿ: ಬೀದಿಯ ಹೊಗಳಿಕೆಗೆ ಮನೆಯ ಬಾಗಿಲು ತೆರೆದವನಿಗೆ ಮನೆ ಉಳಿಯದು, ಬೀದಿಯೂ ಅವನ ಜೊತೆ ನಿಲ್ಲದು.