ಹೊಂಬಾಳಮ್ಮನ ಜೀಪಿಗೆ ತಾನೇ ಬೀಳೋ ಗೇರು

ನಗೋರು ಈಗಲೇ ನಕ್ಕು ಮುಗಿಸ್ಬುಡಿ. ನಾನು ಹೇಳ್ತಾ ಇರುವಾಗ ಯಾರಾದ್ರೂ ಕಿಸಿಕ್ ಅಂದ್ರೆ ಎದ್ದು ಹೊಂಟೋಯ್ತೀನಿ. ನಿಮಗೆ ಇದು ಕತೆ, ನನಗೆ ಹೊಟ್ಟೆಉರಿ. ಆ ರೇಷ್ಮೆ ಗೂಡಿನ ಚೀಲಗಳಲ್ಲಿ ಎರಡು ನಂದು, ಗೊತ್ತಾಯ್ತಾ?

ನಮ್ಮ ಗೋಣಿದೊಡ್ಡೀಲಿ ಹೊಂಬಾಳಮ್ಮ ಅಂತ. ಗಂಡ ಸತ್ತ ಮೇಲೆ ಅವನ ಹಳೇ ಜೀಪಿನ ಸ್ಟೇರಿಂಗು ಹಿಡಿದೋಳು ಇಪ್ಪತ್ತು ವರ್ಷ ಬಿಡ್ಲಿಲ್ಲ. ದೊಡ್ಡೀಲಿ ಯಾರು ರೇಷ್ಮೆ ಗೂಡು ಬೆಳೆದ್ರೂ ರಾಮನಗರದ ಮಾರ್ಕೆಟ್ಟಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸೋಳು ಅವಳೇ. ಅವಳಿಗೊಬ್ಬ ಮಗ, ಪುಟ್ಟಬೋರ. ಮೈಯಾಗೆ ಎತ್ತಿನ ಕಸುವು, ತಲೇಲಿ ಬರೀ ಗಾಳಿ. ಹೇಳಿದ್ದು ಮಾಡಲ್ಲ ಅಂತ ಅಲ್ಲ. ಹೇಳಿದ್ದನ್ನೇ ಮಾಡ್ತಾನೆ! ಅದೇ ಕೇಡು!

ಹೊಂಬಾಳಮ್ಮನ ಎಡಗಾಲಿನ ಮಂಡಿ ಕೆಟ್ಟೋಯ್ತು. ಕ್ಲಚ್ಚು ತುಳಿದ್ರೆ ‘ಅಯ್ಯಪ್ಪಾ’ ಅನ್ನೋಳು. ದೊಡ್ಡಿಯೋರು ಶುರು ಹಚ್ಕಂಡ್ರು, ‘ಈ ಸಲ ಟೆಂಪೋದೋನಿಗೆ ಹೇಳಣ’ ಅಂತ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಒಂದು ಸಲ ಅವನಿಗೆ ಹೇಳಿದ್ರೆ ಮುಗೀತು, ನನ್ನ ಸ್ಟೇರಿಂಗು ಹೋದಂಗೇ! ನಾನೇನು ಸತ್ತೋಗಿದೀನಾ?”

ಮೆಕ್ಯಾನಿಕ್ ಜಬ್ಬಾರ್ ಸಾಬರು ದಾರಿ ಹೇಳಿದ್ರು. “ಹೊಂಬಾಳಕ್ಕ, ಆಟೋಮ್ಯಾಟಿಕ್ ಗೇರ್‌ಬಾಕ್ಸು ಕೂರಿಸಾಣ. ಕ್ಲಚ್ಚೇ ಇಲ್ಲ, ಗೇರು ತಾನೇ ಬೀಳ್ತದೆ. ಹೈವೇಲಿ ಓವರ್‌ಡ್ರೈವ್ ಅಂತ ಮೇಲೊಂದು ಗೇರು ಬೇರೆ. ನಿಮ್ಮ ಜೀಪು ಈಗಿನಂಗೆ ಕಿರುಚಲ್ಲ, ಆರಾಮಾಗಿ ಓಡ್ತದೆ.”

ಅವತ್ತೇ ದೊಡ್ಡೀಲಿ ಹುಳ ಹಣ್ಣಾಗಿ ಚಂದ್ರಿಕೆಗೆ, ಅದೇ ಗೂಡು ಕಟ್ಟೋ ಬಿದಿರು ತಟ್ಟೆಗೆ, ಬಿಟ್ಟಿದ್ವಿ. ಅಲ್ಲಿ ಬಿಟ್ಟ ದಿನದಿಂದ ಹತ್ತು ದಿನ, ಅಷ್ಟೇ. ಅಷ್ಟರಲ್ಲಿ ಮಾರಿದ್ರೆ ಸರಿ. ಇಲ್ಲಾಂದ್ರೆ ಒಳಗಿಂದ ಚಿಟ್ಟೆ ಗೂಡು ತೂತು ಮಾಡ್ಕಂಡು ಆಚೆ ಬತ್ತದೆ, ತೂತಾದ ಗೂಡು ಯಾರಿಗೂ ಬ್ಯಾಡ.

“ಹತ್ತು ದಿನದಾಗೆ ಜೀಪು ರೆಡಿ ಮಾಡ್ತೀನಿ. ನಾನೇ ಒಯ್ತೀನಿ!” ಅಂದ್ಲು ಹೊಂಬಾಳಮ್ಮ.

ಮಗನ್ನ ಕರೆದ್ಲು. “ಬೋರಾ, ಗುಜರಿ ಅಂಗಡೀಲಿ ಗೇರ್‌ಬಾಕ್ಸು ಹೇಳಿವ್ನಿ, ತಗಂಬಾ. ಭಾರ ಅದೆ, ಎತ್ತಬ್ಯಾಡ ಮಗಾ, ಸೊಂಟ ಹಿಡ್ಕತದೆ.”

“ಆಯ್ತವ್ವ!”

ಎತ್ತಲಿಲ್ಲ ಪುಣ್ಯಾತ್ಮ. ಹಗ್ಗ ಕಟ್ಟಿ ಎಳ್ಕಂಬಂದ! ಎರಡು ಮೈಲಿ! ಟಾರಿನ ಮೇಲೆ, ಕಲ್ಲಿನ ಮೇಲೆ, ಸಗಣಿ ಮೇಲೆ! ದಾರಿ ಉದ್ದಕ್ಕೂ ಕೆಂಪು ಎಣ್ಣೆ, ತೂತಿನ ತುಂಬ ಮಣ್ಣು.

“ಅಯ್ಯೋ ನಿನ್ನ ಮನೆ ಕಾಯ್ವಾಗ!” ಅಂತ ಹಣೆ ಚಚ್ಕಂಡ್ಲು. “ಇಂಥದ್ದನ್ನ ಬಾಯಿಗೆ ಬಟ್ಟೆ ಕಟ್ಟಿ, ಹೆಗಲ ಮೇಲೆ ಹೊತ್ಕಂಡು, ಎಲ್ಲೂ ಕೆಳಗೆ ಇಳಿಸ್ದೆ ತರಬೇಕು ಕಣೋ!”

“ಮುಂದಿನ ಸಲ ಹಂಗೇ ಮಾಡ್ತೀನಿ ಕಣವ್ವ!”

ಅದನ್ನ ತೊಳೆಯಕ್ಕೇ ಎರಡು ದಿನ ಹೋಯ್ತು. ಆಮೇಲೆ, “ಹೋಗಿ ಜಬ್ಬಾರ್ ಸಾಬರನ್ನ ಕರ್ಕಂಬಾ” ಅಂದ್ಲು.

ತಂದ! ಬಾಯಿಗೆ ಬಟ್ಟೆ ಕಟ್ಟಿ, ಹೆಗಲ ಮೇಲೆ ಹೊತ್ಕಂಡು, ಎಲ್ಲೂ ಇಳಿಸ್ದೆ! ಅರವತ್ತು ವರ್ಷದ ಮನುಷ್ಯ, ಗಡ್ಡ ಹಣ್ಣಾದೋರು, ಕೈಕಾಲು ಬಡೀತಾ ಅವ್ರೆ. ಬಟ್ಟೆ ಬಿಚ್ಚಿದ್ದೇ ತಡ, “ತೌಬಾ ತೌಬಾ! ಹೊಂಬಾಳಕ್ಕ, ನಾನು ಈ ಮನೆ ಹೊಸಲು ತುಳಿಯಲ್ಲ!” ಅಂತ ಹೊಂಟೇಬುಟ್ರು. ಕಾಲಿಗೆ ಬೀಳೋದೊಂದು ಬಾಕಿ, ಅಷ್ಟು ಬೇಡ್ಕಂಡು ಕೂರಿಸಿದ್ಲು.

“ಲೋ ಮುಟ್ಠಾಳ! ದೊಡ್ಡೋರನ್ನ ಮರ್ಯಾದೆಯಾಗಿ ಬಸ್ಸು ಹತ್ಸಿ, ಕಿಟಕಿ ಪಕ್ಕ ಸೀಟು ಕೊಡ್ಸಿ, ಎಳನೀರು ಕುಡ್ಸಿ, ಹುಷಾರಾಗಿ ಕರ್ಕಂಡೋಗಿ ಕರ್ಕಂಬರಬೇಕು! ಅವ್ರಿಗೆ ಕೂದಲೂ ಕೊಂಕಬಾರ್ದು!”

“ಮುಂದಿನ ಸಲ ಹಂಗೇ ಮಾಡ್ತೀನಿ ಕಣವ್ವ!”

ಸಾಬರು ಗೇರ್‌ಬಾಕ್ಸು ಕೂರಿಸಿ ನೋಡಿದ್ರು. ಹಳೇದಕ್ಕಿಂತ ಇದು ಉದ್ದ. ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟು ಒಂದು ಗೇಣು ಜಾಸ್ತಿ ಆಯ್ತು. “ಲೇತಿನೋನ ಹತ್ರ ಹೋಗಿ ಒಂದು ಗೇಣು ಕೊಯ್ಸಿ, ಬೆಸುಗೆ ಹಾಕ್ಸಬೇಕು” ಅಂದ್ರು. ಹೊಂಬಾಳಮ್ಮ ಶಾಫ್ಟು ಮಗನ ಕೈಗೆ ಕೊಟ್ಲು.

ಬಸ್ಸಿನಾಗೆ ಶಾಫ್ಟು ಕಿಟಕಿ ಪಕ್ಕ ಕೂತದೆ! ಪಕ್ಕದಾಗೆ ಬಸುರಿ ಹೆಂಗಸು ನಿಂತವ್ಳೆ! ಕಂಡಕ್ಟರು, “ಆ ಕಬ್ಬಿಣ ಎತ್ತೋ!” ಅಂದ್ರೆ ಇವ್ನು, “ಮರ್ಯಾದೆ ಕೊಟ್ಟು ಮಾತಾಡಿ, ದೊಡ್ಡೋರು!” ಅಂತಾನೆ. ನ್ಯಾಯ ಅದಾ? ಹೇಳ್ರಿ, ನ್ಯಾಯ ಅದಾ? ಇಳಿದ ಮೇಲೆ ಎಳನೀರು ಕೊಚ್ಚಿಸಿ ಶಾಫ್ಟಿನ ಕೀಲಿಗೆ ಸುರಿದವ್ನೆ. ಸಂಜೆ ಹಂಗೇ ವಾಪಸ್ ತಂದ.

“ಯಾಕೋ ಕೊಯ್ಸಲಿಲ್ಲ?”

“ಅಲ್ಲವ್ವಾ, ಆ ಲೇತಿನೋನು ಇವ್ರನ್ನ ನೋಡಿದ್ದೇ ‘ಎಲ್ಲಿಗೆ ಕೊಯ್ಲಿ?’ ಅಂದ! ನಾನು ಬುಟ್ಟೇನಾ? ಕರ್ಕಂಡು ಬಂದ್ಬುಟ್ಟೆ!”

ಸಾಬರು ಟೋಪಿ ತೆಗೆದು ತಲೆ ಹಿಡ್ಕಂಡು ಕೂತ್ರು. ಹೊಂಬಾಳಮ್ಮ ಪೊರಕೆ ತಗಂಡ್ಲು. “ಬ್ಯಾಡದ್ದು ಕೊಯ್ಯೋದ್ರಲ್ಲಿ ಏನೋ ಮರ್ಯಾದೆ? ಬ್ಯಾಡ ಅಂದ್ರೆ ಬ್ಯಾಡ! ಬ್ಯಾಡದ್ದು ಎಲ್ಲಿದ್ರೂ ಹಿಂದೆ ಮುಂದೆ ನೋಡ್ದೆ ಬಿಚ್ಚಿ ಬಿಸಾಕಬೇಕು!”

“ಮುಂದಿನ ಸಲ ಹಂಗೇ ಮಾಡ್ತೀನಿ ಕಣವ್ವ!”

ಸಾಬರೇ ಹೋಗಿ ಶಾಫ್ಟು ಕೊಯ್ಸಿ ತಂದ್ರು. ಏಳು ದಿನ ಆಗಿತ್ತು. ನಾವು ಚಂದ್ರಿಕೆಯಿಂದ ಗೂಡು ಬಿಡ್ಸಿ ಚೀಲಕ್ಕೆ ತುಂಬ್ತಾ ಇದ್ವಿ. ಸಾಬರು ನಮಾಜಿಗೆ ಹೋಗ್ತಾ ಅಂದ್ರು, “ಬೋರಾ, ಇನ್ನು ಕ್ಲಚ್ಚು ಪೆಡಲು ಬೇಡ, ಬಿಚ್ಚಿಡು.”

ಬಿಚ್ಚಿದ. ಹೊತ್ತು ಹಗಲು, ಲೈಟು ಯಾಕೆ? ಬಿಚ್ಚಿದ. ಮಳೆ ಎಲ್ಲಿ ಅದೆ? ವೈಪರು ಬಿಚ್ಚಿದ. ಎದುರಿಗೆ ಯಾರೂ ಇಲ್ವಲ್ಲ, ಹಾರ್ನು ಬಿಚ್ಚಿದ. ಸ್ಟೆಪ್ನಿ ಬಿಚ್ಚಿದ, ಬಾನೆಟ್ಟು ಬಿಚ್ಚಿದ! ಹೊಂಬಾಳಮ್ಮ ಬಂದು ನೋಡ್ತಾಳೆ, ಅರ್ಧ ಜೀಪು ಅಂಗಳದಾಗೆ ಹರವಿ ಬಿದ್ದದೆ.

ಅವತ್ತು ಅವಳು ಬೈಯಲಿಲ್ಲ ಕಣ್ರಪ್ಪ. ಜಗಲಿ ಮೇಲೆ ಕೂತು ಅತ್ತುಬುಟ್ಲು. “ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ದೆಯೋ! ನಿನ್ನ ತಲೆಗೆ ತೋಚಿದ್ದು ಒಂದೂ ಮಾಡಬ್ಯಾಡ. ಸಾಬರು ಏನು ಹೇಳ್ತಾರೋ ಅದನ್ನ ಅಕ್ಷರ ತಪ್ಪದಂಗೆ ಮಾಡು.”

“ಹಂಗೇ ಮಾಡ್ತೀನಿ ಕಣವ್ವ” ಅಂದ. ಅವನೂ ಅತ್ತ.

ಒಂಬತ್ತನೇ ದಿನ ಸಂಜೆ ಎಲ್ಲ ಮತ್ತೆ ಜೋಡಿಸಿ ಮುಗೀತು. ಸಾಬರು ತಾಯಿ ಮಗ ಇಬ್ಬರನ್ನೂ ನಿಲ್ಲಿಸ್ಕಂಡು ಹೇಳಿದ್ರು. “ಎರಡೇ ಮಾತು. ಮೊದಲನೇ ಓಟ ಖಾಲಿ ಗಾಡಿ ಓಡಿಸ್ರಿ, ಭಾರ ಹಾಕಬೇಡ್ರಿ. ಇನ್ನೊಂದು, ಎಡಗಾಲಿಗೆ ಕೆಲಸ ಇಲ್ಲ, ಅದು ಅಲ್ಲಾಡಲೇಬಾರದು. ಅಭ್ಯಾಸಬಲದಾಗೆ ಕ್ಲಚ್ಚು ಅಂದ್ಕಂಡು ಬ್ರೇಕು ತುಳಿದ್ಬಿಡ್ತೀರಿ.”

ಬೋರ ದನಕ್ಕೆ ನೀರು ತೋರಿಸಕ್ಕೆ ಹೋದ. ಹೊಂಬಾಳಮ್ಮ ಸಾಬರನ್ನ ಪಕ್ಕ ಕೂರಿಸ್ಕಂಡು ಖಾಲಿ ಜೀಪಿನಾಗೆ ಕೆರೆ ಏರಿ ಸುತ್ತಿ ಬಂದ್ಲು. ಆಯ್ತಲ್ಲ ಮೊದಲನೇ ಓಟ? ಆಯ್ತು. ಆದ್ರೆ ಬೋರ ನೋಡ್ಲಿಲ್ಲ. ಅವನು ನೋಡದೇ ಇದ್ದಿದ್ದು ಅವನ ಪಾಲಿಗೆ ಆಗೇ ಇಲ್ಲ.

ಹತ್ತನೇ ದಿನ ಬೆಳಿಗ್ಗೆ ಚೀಲ ಎಲ್ಲ ಜೀಪಿಗೆ ತುಂಬಿ, ಮೇಲೆ ಟಾರ್ಪಾಲು ಕಟ್ಟಿ, ಹೊಂಬಾಳಮ್ಮ ಮೊಕ ತೊಳೆದು ವಿಭೂತಿ ಇಟ್ಕಂಡು ಬಂದ್ಲು. ಗೇರು ತಾನೇ ಬಿತ್ತು, ಜೀಪು ಹೊಂಟಿತು. ಬೋರ ಅವಳ ಎಡಗಡೆ ಕೆಳಗೆ ಕುಕ್ಕರಗಾಲಲ್ಲಿ ಕೂತು, ಅವ್ವನ ಎಡಗಾಲು ತೊಡೆ ಮೇಲೆ ಇಟ್ಕಂಡು, ಎರಡೂ ಕೈಯಾಗೆ ಅಪ್ಪಿ ಹಿಡಿದವ್ನೆ, ಅಲ್ಲಾಡಬಾರದು ಅಂತ!

ಹೈವೇಗೆ ಬಿದ್ರು. ಮೇಲಿನ ಗೇರು ಬಿತ್ತು. ಜೀಪು ಕಿರುಚಲಿಲ್ಲ, ಕೆಮ್ಮಲಿಲ್ಲ. ಟೆಂಪೋದೋನನ್ನ ಹಿಂದಕ್ಕೆ ಹಾಕಿದ್ಲು. “ಬೋರಾ, ಇವತ್ತೊಂದು ದಿನ ನೀನು ಒಂದೂ ತಪ್ಪು ಮಾಡ್ಲಿಲ್ಲ ಮಗನೇ! ಮಂಡಿ ನೋವೇ ಇಲ್ಲ!” ಅಂದ್ಲು. ಹುಟ್ಟಿದಾಗಿಂದ ಅವನ್ನ ಹೊಗಳಿದ್ದು ಅದೇ ಮೊದಲು.

ಮಾರ್ಕೆಟ್ಟಿಗೆ ಬಂದು ಟಾರ್ಪಾಲು ಬಿಚ್ಚಿದ್ರೆ, ಏನದೆ? ಏನೂ ಇಲ್ಲ!

“ಗೂಡೆಲ್ಲೋ?!”

“ನೀನು ಮೊಕ ತೊಳೆಯಕ್ಕೆ ಹೋದಾಗ ಕೊಟ್ಟಿಗೇಲಿ ಇಳಿಸಿ, ಟಾರ್ಪಾಲು ಹಂಗೇ ಕಟ್ದೆ ಕಣವ್ವ. ಮೊದಲನೇ ಓಟ ಖಾಲಿ ಗಾಡಿ ಅಂದ್ರಲ್ಲ ಸಾಬರು!”

ಹೊಂಬಾಳಮ್ಮನಿಗೆ ಮೈಯೆಲ್ಲ ಉರಿದೋಯ್ತು. ಕಾಲೆತ್ತಿ ಒಂದು ಒದ್ಲು ನೋಡಿ! ಬೋರ ಹೋಗಿ ಗೋಡೆಗೆ ಬಿದ್ದ. ಬಿದ್ದೋನು ಬಾಯಿ ಬಿಟ್ಕಂಡು ನೋಡ್ತಾ ಕೂತ. “ಅವ್ವಾ! ಎಡಗಾಲು! ನಿನ್ನ ಎಡಗಾಲು ಎದ್ದೇಬುಡ್ತು!”

ಅವಳು ಕೇಳಿಸ್ಕಳಲಿಲ್ಲ. ಇನ್ನೂ ಹೊತ್ತದೆ, ಈ ಗಾಡೀಲಿ ಬಿರಬಿರನೆ ಹೋಗಿ ಗೂಡು ತರಬಹುದು. ‘ಹರಾಜಿನಾಗೆ ನಮ್ಮ ದೊಡ್ಡಿ ಸರದಿ ಕಡೇಗೆ ಇಡಿ’ ಅಂತ ಹೇಳಕ್ಕೆ ಒಳಗೆ ಓಡಿದ್ಲು. ಅಲ್ಲಿ ಜನವೋ ಜನ. ಆಚೆ ಬರಕ್ಕೆ ಒಂದು ಗಂಟೆ ಹಿಡೀತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೋರ ಜೀಪಿನ ಹೊಟ್ಟೆ ಬಗೆದು ಗೇರ್‌ಬಾಕ್ಸು ಬಿಚ್ಚಿ, ಬಾಯಿಗೆ ಟವಲು ಕಟ್ಟಿ, ಹೆಗಲ ಮೇಲೆ ಹೊತ್ಕಂಡು ನಿಂತವ್ನೆ! ಬೆನ್ನ ಮೇಲೆ ಕೆಂಪು ಎಣ್ಣೆ ಇಳೀತಾ ಅದೆ.

“ಏನೋ ಇದು?!”

“ನಿನ್ನ ಕಾಲು ವಾಸಿ ಆಯ್ತಲ್ಲವ್ವ! ಇನ್ನು ಇದು ಬ್ಯಾಡ. ಬ್ಯಾಡದ್ದು ಬಿಚ್ಚಬೇಕು ಅಂತ ನೀನೇ ಅಂದಿದ್ದೆ. ಸಾಬರಿಗೆ ಕೊಟ್ಟು ಹಳೇದು ಹಾಕ್ಸ್ಕಂಬತ್ತೀನಿ!”

“ಇಳ್ಸೋ ಅದನ್ನ ಕೆಳಗೆ!”

“ಎಲ್ಲೂ ಇಳಿಸಬಾರ್ದು ಅಂತಾನೂ ನೀನೇ ಅಂದಿದ್ದೆ!” ಅಂತ ಹೊಂಟೇಬುಟ್ಟ. ನಡ್ಕಂಡು! ಏಳು ಹರದಾರಿ!

ಹೊಂಬಾಳಮ್ಮ ಕೊನೆಗೆ ಆ ಟೆಂಪೋದೋನ ಮುಂದೇನೇ ಕೈ ಮುಗಿದು ನಿಂತ್ಲು. ಅವನು ಬೇರೆ ಊರಿಗೆ ಬಾಡಿಗೆ ಒಪ್ಕಂಡಿದ್ದ. ಬಸ್ಸಿನಾಗೆ ಊರಿಗೆ ಬರೋ ಹೊತ್ತಿಗೆ ಅಲ್ಲಿ ಹರಾಜೂ ಮುಗಿದಿತ್ತು, ಜಗಲಿ ಮೇಲೆ ಬಿದ್ಕಂಡ್ಲು. ಮಾರನೇ ದಿನ ಬೆಳಿಗ್ಗೆ ಚೀಲ ಬಿಚ್ಚಿದ್ರೆ ಬರೀ ಚಿಟ್ಟೆ! ಮಾಡಿನ ಮೇಲೆ ಚಿಟ್ಟೆ, ಮುದ್ದೆ ಮೇಲೆ ಚಿಟ್ಟೆ! ನನ್ನವೆರಡು ಚೀಲ, ಅಯ್ಯೋ, ನೆನೆಸ್ಕಂಡ್ರೆ ಇವತ್ತೂ ರಕ್ತ ಕುದೀತದೆ.

ಅದೇ ಹೊತ್ತಿಗೆ ಬಂದ ನೋಡಿ ಬೋರ, ಗೇರ್‌ಬಾಕ್ಸು ಹೆಗಲ ಮೇಲೇ ಅದೆ. ಒಂದು ಗೂಡು ಕೈಗೆ ತಗಂಡ, ತೂತಿನಾಗೆ ಇಣುಕಿ ನೋಡ್ದ. ಮೊಕ ಅರಳೋಯ್ತು.

“ಅವ್ವಾ, ಏಳವ್ವ! ಗೂಡೆಲ್ಲ ಖಾಲಿ ಆಗ್ಬುಟ್ಟವೆ! ಇನ್ನು ಭಾರನೇ ಇಲ್ಲ, ಗಾಡಿಗೆ ತುಂಬ್ಕಂಡು ಹೋಗಣ ನಡಿ!”